ಎಮ್ಮೆಗೆ ಹೇಳಿದ ಮಾತು

ನನ್ನ ಅತ್ತೆ ಅರವತ್ತು ತುಂಬಿದರೂ ಸಮುದ್ರ ನೋಡದೆ ಉಳಿದದ್ದು ಎಮ್ಮೆಯ ದೆಸೆಯಿಂದ ಎಂದರೆ ಕುಮಟಾದಲ್ಲಿರುವ ನನ್ನ ಅಮ್ಮ ನಂಬಲೇ ಇಲ್ಲ. "ಎಮ್ಮೆ ಕಟ್ಟಿದವ್ರೆಲ್ಲ ಮನೇಲೇ ಕೂತಿರ್ತಾರೇನೇ? ನಿನ್ನ ತಂಗಿ ಮದುವೆಗೆ ಬೀಗಿತ್ತಿ ಬರಲೇಬೇಕು, ನಾನು ಹೇಳಿದೆ ಅಂತ ಹೇಳು" ಎಂದು ಫೋನ್ ಇಟ್ಟಳು. ಅವಳಿಗೇನು, ಹೇಳುವುದು ಸುಲಭ. ಅವಳು ಆ ಎಮ್ಮೆಯನ್ನು ಕಂಡಿರಲಿಲ್ಲ.

ನಾನು ದೆಹಲಿಯ ಮುನಿರ್ಕಾದ ಬಾಡಿಗೆ ಕೋಣೆಯಲ್ಲಿ ಆರು ವರ್ಷ ಇದ್ದು, ಗ್ರಾಮೀಣ ಮಹಿಳೆಯರ ದುಡಿಮೆಯ ಬಗ್ಗೆ ಸಂಶೋಧನೆ ಮಾಡುತ್ತ, ಜೊತೆಗೆ ಓದುತ್ತಿದ್ದವನನ್ನೇ ಮದುವೆಯಾಗಿ ನಜಫ್‌ಗಢದ ಆಚೆಯ ಈ ಹೊಲದ ಮನೆಗೆ ಬಂದವಳು. ಗಂಡನಿಗೆ ನೋಯ್ಡಾದಲ್ಲಿ ಕೆಲಸ, ಅವನು ಶನಿವಾರದ ನೆಂಟ. ನಾನು ಪ್ರಬಂಧ ಮುಗಿಸಲು ಒಂದು ಚಳಿಗಾಲದ ಮಟ್ಟಿಗೆ ಎಂದು ಬಂದು ಇಲ್ಲೇ ಬೇರುಬಿಟ್ಟೆ. ಊಟಕ್ಕೆ ಕೂತರೆ ಹತ್ತೊಂಬತ್ತು ಜನ. ಅವರಲ್ಲಿ ಒಂಬತ್ತು ಮಕ್ಕಳು, ಆ ಒಂಬತ್ತಕ್ಕೂ ಬೆಳಿಗ್ಗೆ ಶಾಲೆಗೆ ಹೊರಡುವಾಗ ಒಂದೇ ಕಾಲಿನ ಬೂಟು ಸಿಗುವುದು. ಒಬ್ಬ ಅಳುತ್ತಿದ್ದರೆ ಇನ್ನೊಬ್ಬಳು ಅವನ ಪರಾಠಾ ತಿನ್ನುತ್ತಿರುತ್ತಾಳೆ, ಮತ್ತೊಬ್ಬ ಕೊಳವೆ ಬಾವಿಯ ತೊಟ್ಟಿಗೆ ಬಿದ್ದಿರುತ್ತಾನೆ. ಮೊದಲ ವಾರ ನನಗೆ ತಲೆ ಚಿಟ್ಟು ಹಿಡಿದಿತ್ತು. ಎರಡನೇ ವಾರ ನಾನೂ ಕೂಗಲು ಕಲಿತೆ. ಈಗ ನಿಶ್ಶಬ್ದವಾಗಿದ್ದರೆ ನನಗೆ ಒಂದು ಸಾಲೂ ಬರೆಯಲು ಆಗುವುದಿಲ್ಲ.

ಈ ಸಂತೆಯನ್ನೆಲ್ಲ ನಡೆಸುವವರು ಅತ್ತೆ. ಅವರು ಹೇಳಿದರೆ ಟ್ರ್ಯಾಕ್ಟರ್ ಕೂಡ ತೆಪ್ಪಗೆ ನಿಲ್ಲುತ್ತದೆ. ಅವರ ಮಾತು ಕೇಳಿಯೂ ಕೇಳದಂತಿರುವವರು ಮನೆಯಲ್ಲಿ ಒಬ್ಬರೇ, ಮಾವ. ಆರಡಿ ಆಳು, ಭರ್ಜರಿ ಮೀಸೆ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು, ಅದರಲ್ಲೂ ಐದು ನೀರಿನ ಪಂಪಿಗೆ ಬೈಯುವುದಕ್ಕೆ. ಬೆಳಿಗ್ಗೆ ಸಂಜೆ ಕೊಟ್ಟಿಗೆಯ ಗೋಡೆಗೆ ಹೊಂದಿಸಿದ ಹಗ್ಗದ ಮಂಚದ ಮೇಲೆ ಕೂತು ಹುಕ್ಕಾ ಸೇದುವರು.

ಆ ಗೋಡೆಯ ಒಳಬದಿಯಲ್ಲಿ ಎಮ್ಮೆ. ಕಾಡಿಗೆ ಬಣ್ಣದ, ಸುರುಳಿ ಕೊಂಬಿನ, ಹೊತ್ತಿಗೆ ಆರು ಲೀಟರ್ ಕೊಡುವ ರಾಣಿ. ಅದರ ಕರು ಹಾಲು ಬಿಟ್ಟು ಮೇವಿಗೆ ಬಿದ್ದಾಗಿತ್ತು, ಆಮೇಲೆ ಅದು ಅತ್ತೆಯ ಕೈಗಲ್ಲದೆ ಯಾರ ಕೈಗೂ ಹಾಲು ಇಳಿಸುತ್ತಿರಲಿಲ್ಲ. ಅದರ ತಾಯಿಯೂ ಹಾಗೇ ಇತ್ತಂತೆ, ಅಜ್ಜಿಯೂ ಹಾಗೇ. ಒಂದು ದಿನ ಕರೆಯದೆ ಬಿಟ್ಟರೆ ಕೆಚ್ಚಲು ಬಾತುಕೊಳ್ಳುತ್ತದೆ. ಹೀಗಾಗಿ ಮೂವತ್ತೈದು ವರ್ಷಗಳಿಂದ ಅತ್ತೆ ಒಂದು ರಾತ್ರಿಯೂ ಹೊರಗೆ ತಂಗಿದವರಲ್ಲ. ಸ್ವಂತ ತಮ್ಮನ ಮದುವೆಗೆ ಹೋಗಿ ಊಟ ಮುಗಿಸಿ ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್ ಬಂದಿದ್ದರಂತೆ. ಸೂಜಿ ಚುಚ್ಚಿಸಿ ಹಾಲು ಇಳಿಸಿ ಎಂದು ಪಕ್ಕದ ಹೊಲದವರು ಸಲಹೆ ಕೊಟ್ಟಾಗ ಅತ್ತೆ ಸಗಣಿ ಕೈಯನ್ನೇ ಎತ್ತಿದ್ದರು.

ಆದರೆ ಸಮುದ್ರ ಎಂದ ಕೂಡಲೇ ಅವರ ಮುಖ ಎಂಟು ವರ್ಷದ ಹುಡುಗಿಯದಾಯಿತು. "ನಿಮ್ಮ ಮನೆಯಿಂದ ಎಷ್ಟು ದೂರ, ಬಹೂ?"

"ನಡೆದರೆ ಕಾಲು ಗಂಟೆ, ಮಾಂಜೀ."

"ಆ ಕಡೆ ದಡ ಕಾಣಲ್ವಂತೆ, ಹೌದಾ?"

ಅದೇ ಸಂಜೆ ನಾನು ಗೋವಾಕ್ಕೆ ವಿಮಾನದ ಟಿಕೆಟ್ ತೆಗೆದುಬಿಟ್ಟೆ. ನನ್ನ ಸ್ವಭಾವವೇ ಅಷ್ಟು, ಮೊದಲು ಹಾರುವುದು, ಆಮೇಲೆ ಬಾವಿ ಎಷ್ಟು ಆಳ ಎಂದು ನೋಡುವುದು. ಹೊರಡಲು ಹತ್ತು ದಿನ ಇತ್ತು. ಅಷ್ಟರಲ್ಲಿ ಎಮ್ಮೆಗೆ ಇನ್ನೊಬ್ಬ ಅತ್ತೆಯನ್ನು ತಯಾರು ಮಾಡಬೇಕಿತ್ತು.

ಮೊದಲು ನನ್ನ ವಾರಗಿತ್ತಿ ಅತ್ತೆಯ ಹಳದಿ ಓಢ್ನಿಯನ್ನು ತಲೆಯ ಮೇಲಿಂದ ಹೊದ್ದು ಕೂತಳು. ಎಮ್ಮೆ ಓಢ್ನಿಯನ್ನು ಮೂಸಿತು, ವಾರಗಿತ್ತಿಯನ್ನು ಮೂಸಿತು, ಬಕೆಟ್ಟನ್ನು ಬೇಲಿಯಾಚೆ ಒದೆಯಿತು. ಮಾರನೇ ದಿನ ಅವಳ ಗಂಡ, ಅಂದರೆ ನನ್ನ ಭಾವ, ಹೆಂಡತಿಗಿಂತ ತಾನೇ ಮೇಲು ಎಂದು ಓಢ್ನಿಯ ಜೊತೆಗೆ ಅತ್ತೆಯ ಗಾಜಿನ ಬಳೆಗಳನ್ನೂ ಹಾಕಿಕೊಳ್ಳಲು ಹೋಗಿ ಮೂರು ಒಡೆದ. ಎಮ್ಮೆ ಸಗಣಿಯಲ್ಲಿ ಅದ್ದಿದ ಬಾಲವನ್ನು ಅವನ ಬಾಯಿಗೇ ಸರಿಯಾಗಿ ಬೀಸಿತು. ಮಾಳಿಗೆಯ ಮೇಲೆ ರಜಾಯಿ ಹೊದ್ದು ಸಾಲಾಗಿ ಕೂತಿದ್ದ ಒಂಬತ್ತು ಮಕ್ಕಳು "ಏಕ್ ಬಾರ್ ಔರ್, ತಾವೂಜೀ!" ಎಂದು ಇನ್ನೊಮ್ಮೆಗಾಗಿ ಕೂಗಿದರು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಬಿದ್ದೆ.

ಆಮೇಲೆ ನನ್ನ ಸರದಿ. ಬಟ್ಟೆಯಲ್ಲಿ ಏನೂ ಇಲ್ಲ, ಗುಟ್ಟು ಇರುವುದು ಅತ್ತೆಯ ಗುನುಗಿನಲ್ಲಿ ಎಂದು ನಾನು ಪತ್ತೆ ಹಚ್ಚಿದ್ದೆ. ಕರೆಯುವಾಗ ಅವರು ಎಮ್ಮೆಯ ಹೊಟ್ಟೆಗೆ ಹಣೆಯಾನಿಸಿ ಏನನ್ನೋ ಮೆಲ್ಲಗೆ ಹೇಳುತ್ತಲೇ ಇರುತ್ತಿದ್ದರು. ಹಾಡೇ, ಮಂತ್ರವೇ? ಕೇಳಿದರೆ "ಏನಿಲ್ಲ, ಸುಮ್ನೆ" ಎಂದು ಕೆಂಪಾದರು. ಮಹಿಳೆಯರ ದುಡಿಮೆಯ ಬಗ್ಗೆ ಇನ್ನೂರೆಂಬತ್ತು ಪುಟ ಬರೆದವಳು ನಾನು, ಬಿಡುತ್ತೇನೆಯೇ? ಮರುದಿನ ಬೆಳಗಿನ ಮಂಜಿನಲ್ಲಿ ಮೇವಿನ ರಾಶಿಯ ಹಿಂದೆ ಅಡಗಿ ಕೂತೆ.

ಹಾಡೂ ಅಲ್ಲ, ಮಂತ್ರವೂ ಅಲ್ಲ. ದೂರು. "ನಿನ್ನೆ ಸಾಗು ಹೇಗಿತ್ತು ಅಂದ್ರೆ ತಟ್ಟೆ ನೋಡ್ದ. ಚೆನ್ನಾಗಿದೆ ಅಂದ್ರೆ ಮೀಸೆ ಉದುರುತ್ತಾ ಈ ಮುದುಕಂದು? ನನ್ನ ಮಂಡಿ ನೋವಿಗೆ ಎಣ್ಣೆ ತಾ ಅಂದೆ, ಟ್ರ್ಯಾಕ್ಟರ್‌ಗೆ ಎಣ್ಣೆ ತಂದ. ದೊಡ್ಡ ಸೊಸೆ ತುಪ್ಪದ ಡಬ್ಬ ಬಚ್ಚಿಡ್ತಾಳೆ, ನನಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ. ಸಣ್ಣವಳಿಗೆ ಅಷ್ಟು ಓದಿದ್ರೂ ರೊಟ್ಟಿ ದುಂಡಗೆ ಬರಲ್ಲ." ಚರ್ ಚರ್ ಎಂದು ಹಾಲು ಬಕೆಟ್ಟಿಗೆ ಬೀಳುತ್ತಿತ್ತು. "ಮದುವೆ ಆದ ವರ್ಷ ಸಮುದ್ರ ತೋರಿಸ್ತೀನಿ ಅಂದಿದ್ದ..."

ರೊಟ್ಟಿಯ ಮಾತಿಗೇ ನನಗೆ ನಗು ಉಕ್ಕಿ ಬಂದಿತ್ತು, ಸಿಕ್ಕಿಬಿದ್ದೆ. ಅತ್ತೆ ಬೈಯಲಿಲ್ಲ. "ಮನೇಲಿ ಹತ್ತೊಂಬತ್ತು ಜನ. ಹೇಳ್ಕೊಳ್ಳೋಕೆ ಒಬ್ರು ಬೇಕಲ್ಲ, ಬಹೂ. ಇದು ಎದುರಾಡಲ್ಲ, ಯಾರಿಗೂ ಹೋಗಿ ಹೇಳೋದೂ ಇಲ್ಲ."

ಕೋಣನ ಮುಂದೆ ಕಿನ್ನರಿ ಎಂಬ ಗಾದೆ ಕಟ್ಟಿದವರು ಎಮ್ಮೆಯನ್ನು ವಿಚಾರಿಸಬೇಕಿತ್ತು. ನನಗೆ ಕೀಲಿಕೈ ಸಿಕ್ಕ ಹಾಗಾಯಿತು. ಆ ಸಂಜೆಯೇ ಓಢ್ನಿ ಹೊದ್ದು, ಎಮ್ಮೆಯ ಹೊಟ್ಟೆಗೆ ಹಣೆಯಾನಿಸಿ, ಗಂಡನ ಮೇಲಿದ್ದ ದೂರುಗಳನ್ನೆಲ್ಲ ಅಪ್ಪಟ ಕನ್ನಡದಲ್ಲಿ ಅರ್ಧ ಗಂಟೆ ಸುರಿದೆ. ಒದ್ದೆ ಟವೆಲ್ಲಿನಿಂದ ಶುರುವಾಗಿ ಅವನ ಗೊರಕೆಯವರೆಗೆ ಹೋದೆ. ಎಂಥ ಸುಖ! ಎದ್ದಾಗ ಮೈ ಹಗುರವಾಗಿತ್ತು. ಬಕೆಟ್ ಕೂಡ ಅಷ್ಟೇ ಹಗುರವಾಗಿತ್ತು.

ಹೊರಡಲು ಎರಡು ದಿನ ಉಳಿದಾಗ ಅತ್ತೆ ಕಟ್ಟಿಟ್ಟಿದ್ದ ಬ್ಯಾಗಿನಿಂದ ಹೊಸ ಚಪ್ಪಲಿ ತೆಗೆದು ಮತ್ತೆ ಡಬ್ಬಿಗೆ ಹಾಕಿದರು. "ಟಿಕೆಟ್ ವಾಪಸ್ ಮಾಡು. ಸಮುದ್ರ ಎಲ್ಲಿಗೂ ಓಡಿ ಹೋಗಲ್ಲ." ಎಲ್ಲರೂ ರೊಟ್ಟಿ ತಿನ್ನುತ್ತಿದ್ದೆವು. ಮಾವ ತಟ್ಟೆ ನೋಡುತ್ತ ಊಟ ಮುಗಿಸಿ ಎದ್ದು ಹೋದರು. ಆ ಕ್ಷಣ ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮರುದಿನ ಬೆಳಗಿನ ಜಾವ ಮಕ್ಕಳು ನನ್ನನ್ನು ಎಳೆದು ಎಬ್ಬಿಸಿದವು. "ಚಾಚೀ, ಜಲ್ದೀ! ದಾದಾಜೀ!" ಮಾಳಿಗೆಗೆ ಓಡಿದೆ, ಅತ್ತೆಯೂ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಕೆಳಗೆ ಕೊಟ್ಟಿಗೆಯಲ್ಲಿ, ಹಳದಿ ಓಢ್ನಿಯನ್ನು ತಲೆ ತುಂಬ ಹೊದ್ದು, ಮೀಸೆಯ ಎರಡು ತುದಿ ಮಾತ್ರ ಹೊರಗೆ ಬಿಟ್ಟುಕೊಂಡು ಮಾವ ಎಮ್ಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು.

ಎಮ್ಮೆ ಕಾಲೆತ್ತಿತು. ಮಾವ ಅದರ ಹೊಟ್ಟೆಗೆ ಹಣೆಯಾನಿಸಿದರು. ಆಮೇಲೆ ಶುರುಮಾಡಿದರು, ಅತ್ತೆಯದೇ ರಾಗದಲ್ಲಿ, ಅತ್ತೆಯದೇ ಎಳೆತದಲ್ಲಿ. "ಚೆನ್ನಾಗಿದೆ ಅಂದ್ರೆ ಮೀಸೆ ಉದುರುತ್ತಾ ಈ ಮುದುಕಂದು? ಮಂಡಿ ನೋವಿಗೆ ಎಣ್ಣೆ ತಾ ಅಂದೆ..." ಎಮ್ಮೆ ಕಾಲಿಳಿಸಿತು. ಮಾವ ತಮ್ಮ ಮೇಲಿನ ದೂರುಗಳನ್ನು ಒಂದೂ ಬಿಡದೆ, ಮಧ್ಯೆ ಅತ್ತೆ ಬಿಡುವ ನಿಟ್ಟುಸಿರಿನ ಸಮೇತ ಹೇಳುತ್ತ ಹೋದರು. ಮಾರಿದ ಬೇವಿನ ಮರ, ಅತ್ತೆಗೆ ಜ್ವರ ಬಂದಾಗ ನೋಡಲು ಹೋದ ಕುಸ್ತಿ, ಮೊದಲ ಮಗು ಹೆಣ್ಣೆಂದು ಎರಡು ದಿನ ಮುಖ ನೋಡದೆ ಇದ್ದದ್ದು, ಎಲ್ಲವೂ ಬಂತು. "ಮದುವೆ ಆದ ವರ್ಷ ಸಮುದ್ರ ತೋರಿಸ್ತೀನಿ ಅಂದಿದ್ದ" ಎನ್ನುವಷ್ಟರಲ್ಲಿ ಬಕೆಟ್ಟಿನಲ್ಲಿ ನೊರೆ ಏರುತ್ತಿತ್ತು.

ಮಕ್ಕಳು ರಜಾಯಿ ಬಾಯಿಗೆ ತುರುಕಿಕೊಂಡು ಉರುಳಾಡುತ್ತಿದ್ದವು. ಅತ್ತೆಯೂ ಮೊದಲು ಸೆರಗು ಕಚ್ಚಿ ನಕ್ಕರು. ಆಮೇಲೆ ನಗು ನಿಂತಿತು. ಗೋಡೆಯಾಚೆ ಮುದುಕ ಬರೀ ಹುಕ್ಕಾ ಸೇದುತ್ತಿದ್ದಾನೆ ಎಂದು ಅವರು ಮೂವತ್ತೈದು ವರ್ಷ ಅಂದುಕೊಂಡಿದ್ದರು. ಸರಸರನೆ ಕೆಳಗಿಳಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತರು. ಹರಿಯಾಣ್ವಿಯಲ್ಲಿ ಗಂಡನಿಗೂ ನೀನು, ದೇವರಿಗೂ ನೀನು.

"ಎಲ್ಲಾ ಕೇಳಿಸ್ಕೊಳ್ತಿದ್ದೆಯಾ?"

"ಹಾಂ."

"ಕೇಳಿಸ್ಕೊಂಡೂ ಸುಮ್ನಿದ್ದೆಯಾ?"

ಮಾವ ಕೈ ನಿಲ್ಲಿಸಲಿಲ್ಲ. "ನನಗೆಲ್ಲಿ ಹೇಳ್ದೆ? ಎಮ್ಮೆಗೆ ಹೇಳ್ದೆ."

ಹೊರಡುವ ತನಕ ಅತ್ತೆ ಮಾವನ ಜೊತೆ ಮಾತಾಡಲಿಲ್ಲ. ಆದರೆ ಹೊಸ ಚಪ್ಪಲಿ ಬ್ಯಾಗಿಗೆ ವಾಪಸ್ ಬಂತು.

ಕುಮಟಾದಲ್ಲಿ ಮದುವೆಯ ಗದ್ದಲದ ನಡುವೆಯೇ ಅವರನ್ನು ಸಂಜೆ ಸಮುದ್ರಕ್ಕೆ ಕರೆದೊಯ್ದೆವು. ಚಪ್ಪಲಿ ಕೈಯಲ್ಲಿ ಹಿಡಿದು, ಸಲ್ವಾರ್ ಮೊಣಕಾಲಿನ ತನಕ ಎತ್ತಿ ನೀರಿಗಿಳಿದರು. ಅಲೆ ಬಂದಾಗಲೆಲ್ಲ "ಹಾಯ್ ರಾಮ್!" ಎಂದು ಕಿರುಚಿ ನನ್ನ ಅಮ್ಮನ ತೋಳು ಹಿಡಿಯುವುದು, ಅಮ್ಮ "ಬಿದ್ರೆ ನಾನೂ ಬೀಳ್ತೀನಿ, ಬಿಡ್ರೀ" ಎಂದು ಕನ್ನಡದಲ್ಲಿ ಕೂಗುವುದು, ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ನಗು ಮಾತ್ರ ನಿಲ್ಲದು. ಸೊಂಟದವರೆಗೆ ನೆನೆದ ಮೇಲೆ ಅತ್ತೆ ಸೂರ್ಯನನ್ನು ನೋಡಿದರು, ಹಾಲು ಕರೆಯುವ ಹೊತ್ತು. "ಫೋನ್ ಹಚ್ಚು, ಬಹೂ."

ಪರದೆಯಲ್ಲಿ ಹಳದಿ ಓಢ್ನಿ, ಮೀಸೆ, ಪಕ್ಕದಲ್ಲಿ ಎಮ್ಮೆಯ ಒಂದು ಕಿವಿ. ಹಿಂದೆ ನಗುವ ಭಾವ, ವಾರಗಿತ್ತಿ, ಮಕ್ಕಳ ಹಿಂಡು. ಅತ್ತೆ ಫೋನನ್ನು ಸಮುದ್ರದ ಕಡೆ ತಿರುಗಿಸಿದರು. ಮಾವ ಮೀಸೆ ಪರದೆಗೆ ತಾಗುವಷ್ಟು ಬಗ್ಗಿ ನೋಡಿದರು.

"ಆ ಕಡೆ ದಡ ಕಾಣಲ್ಲ" ಎಂದರು.

"ಇಲ್ಲ."

"ಹಾಗಾದ್ರೆ ನಾಳೆಯಿಂದ ಎಮ್ಮೆಗೆ ಹೇಳೋವಾಗ ಸಮುದ್ರದ ದೂರು ಬಿಡಲಾ?"

"ಯಾಕೆ ಬಿಡ್ತೀಯ?" ಅತ್ತೆಯ ದನಿ ಅಲೆಗಿಂತ ಮೇಲೆ ಹೋಯಿತು. "ತೋರಿಸಿದ್ದು ಬಹೂ, ನೀನಲ್ಲ. ಬರೋ ವರ್ಷ ನೀನು ಕರ್ಕೊಂಡು ಬಾ, ಆಗ ಬಿಡು. ಇದನ್ನ ನಿನಗೇ ಹೇಳ್ತಿದ್ದೀನಿ, ಎಮ್ಮೆಗಲ್ಲ."

ಮಾವ ಓಢ್ನಿಯನ್ನು ತಲೆಯಿಂದ ತೆಗೆದರು. ಹಿಂದೆ ಹಲ್ಲು ಕಿರಿಯುತ್ತಿದ್ದ ಭಾವನನ್ನು ಎಳೆದು ಕೂರಿಸಿ ಅವನ ತಲೆಗೆ ಹೊದಿಸಿದರು. "ಬರೋ ವರ್ಷ ನಾವಿಬ್ಬರೂ ಇರಲ್ಲ. ಇವತ್ತಿಂದ ನೀನು ಕಲಿ. ಏನು ಹೇಳಬೇಕು ಅಂತ ನಿನ್ನ ಹೆಂಡತಿ ಹತ್ರ ಕೇಳ್ಕೋ."

ವಾರಗಿತ್ತಿ ಆಗಲೇ ಎಮ್ಮೆಯ ಪಕ್ಕ ಮಣೆ ಹಾಕಿಕೊಂಡು ಕೂತು, ಬೆರಳು ಮಡಿಸಿ ಗಂಡನ ಮೇಲಿನ ದೂರು ಎಣಿಸತೊಡಗಿದ್ದಳು.