ಅರ್ಧ ಬೆರಳಿನ ಎತ್ತರ

ಬೆಂಗಳೂರಿಗೆ ಬಂದ ದಿನ ನನಗೆ ಸಿಕ್ಕ ಕೋಣೆಯ ಕಿಟಕಿ ತೆರೆದೆ. ಎದುರಿಗೆ ಗೋಡೆ. ಕೈ ಚಾಚಿದರೆ ಪಕ್ಕದ ಮನೆಯ ಸಿಮೆಂಟು ಬೆರಳಿಗೆ ತಾಗಿತು. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ದೀಪ ಹಾಕದಿದ್ದರೆ ಟ್ರಂಕಿನ ಬೀಗ ಕಾಣುತ್ತಿರಲಿಲ್ಲ. ನರೋಣಾದಲ್ಲಿ ನಮ್ಮವ್ವನ ಮನೆಯ ಮಾಳಿಗೆ ಹತ್ತಿ ನಿಂತರೆ ತೊಗರಿ ಹೊಲ ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯುವುದಿಲ್ಲ. ಆಳಂದದ ಬಸ್ಸು ಕಾಣುವುದಕ್ಕೆ ಮೊದಲು ಅದರ ಧೂಳು ಕಾಣುತ್ತದೆ. ಗೋಡೆ ನೋಡಲಿಕ್ಕೆ ಒಂದು ಕಿಟಕಿ ಯಾಕೆ ಬೇಕಾಯಿತು ಇವರಿಗೆ ಎಂದು ನಾನು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದೆ.

ಅದು ಪೀಜಿ. ಎಂದರೆ ತಿಂಗಳ ಬಾಡಿಗೆಗೆ ಮಲಗಲು ಒಂದು ಮಂಚ, ಎರಡು ಹೊತ್ತು ಊಟ ಕೊಡುವ ಮನೆ. ನಡೆಸುವವರು ಸಾವಿತ್ರಮ್ಮ, ಕನಕಪುರದ ಕಡೆಯವರು. ಬಾಡಿಗೆಯ ಬದಲು ಅಡುಗೆಮನೆಯಲ್ಲಿ ದುಡಿಯುತ್ತೇನೆ ಎಂದು ಮೊದಲೇ ಫೋನಿನಲ್ಲಿ ಒಪ್ಪಿಸಿದ್ದೆ. ಟ್ರಂಕು ಹೊತ್ತು ಮೂರನೆಯ ಮಹಡಿ ಹತ್ತಿದವಳನ್ನು ಅವರು ಕೂರಿಸಿ ನೀರು ಕೊಟ್ಟರು.

"ದಾರೀಲಿ ಚೆನ್ನಾಗಿ ಬಂದ್ಯೇನಮ್ಮಾ?"

"ಭಾಳ ತ್ರಾಸ ಆಯ್ತ್ರಿ" ಎಂದೆ.

"ತ್ರಾಸಾ? ತಕ್ಕಡಿ ತಂದಿದ್ದೀಯಾ? ಯಾಕೆ?"

ನಮ್ಮಲ್ಲಿ ತ್ರಾಸ ಎಂದರೆ ಕಷ್ಟ. ಅವರ ಕಡೆ ತ್ರಾಸು ಎಂದರೆ ತೂಗುವ ತಕ್ಕಡಿ. ನನ್ನದೇ ಭಾಷೆಯಲ್ಲಿ ನನ್ನ ಕಷ್ಟ ಅರ್ಥವಾಗದ ಊರಿಗೆ ಬಂದೆನಲ್ಲ ಎಂದುಕೊಂಡೆ ಅವತ್ತು.

ನಾನು ಬಂದದ್ದು ಪೊಲೀಸ್ ಆಗಲು. ನನ್ನ ಗಂಡ ಜೇವರ್ಗಿ–ಯಡ್ರಾಮಿ ರಸ್ತೆಯಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದ. ಒಂದು ಮುಂಜಾನೆ ಮಂಜಿನಲ್ಲಿ ನಿಂತಿದ್ದ ಲಾರಿಗೆ ಗುದ್ದಿ ತೀರಿಕೊಂಡ. ಮಗಳು ದಾನಮ್ಮ, ನಮ್ಮ ದಾನಿ, ಆಗಿನ್ನೂ ತೊದಲು ಮಾತಿನವಳು. ಯಡ್ರಾಮಿ ಹತ್ತಿರದ ಅತ್ತೆಮನೆಯಲ್ಲೇ ಎರಡು ವರ್ಷ ಇದ್ದೆ. ಆಮೇಲೆ ನಾನು ನೌಕರಿಗೆ ಓದುತ್ತೇನೆ ಎಂದಾಗ ಗಂಡನ ಅಣ್ಣ, ನನ್ನ ಭಾವ, ಹಿರಿಯರನ್ನು ಕೂಡಿಸಿದ.

"ಆಕಿ ಎಲ್ಲಿಗರೆ ಹೋಗ್ಲಿ. ಕೂಸು ನಮ್ಮ ಮನಿದು, ಕೂಸಿನ್ನ ಬಿಟ್ಟು ಹೋಗ್ಲಿ" ಎಂದ.

ಹಿರಿಯರು ಬಹಳ ಹೊತ್ತು ಮಾತಾಡಿ ಒಂದು ತೀರ್ಮಾನಕ್ಕೆ ಬಂದರು. ಸದ್ಯಕ್ಕೆ ಮಗು ನರೋಣಾದಲ್ಲಿ ನಮ್ಮವ್ವನ ಹತ್ತಿರ ಇರಲಿ. ನನಗೆ ನೌಕರಿ ಸಿಕ್ಕರೆ ನನ್ನ ಕೂಡ, ಸಿಗದಿದ್ದರೆ ಭಾವನ ಮನೆಗೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮಾವ ಮೂಲೆಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು, ತಲೆ ಎತ್ತಲಿಲ್ಲ.

ಕಲಬುರಗಿಯಲ್ಲಿ ಒಮ್ಮೆ ಪ್ರಯತ್ನಿಸಿ ಸೋತಿದ್ದೆ. ಬರವಣಿಗೆಯ ಪರೀಕ್ಷೆ ಪಾಸು, ಓಟ ಪಾಸು, ಎತ್ತರದಲ್ಲಿ ನಪಾಸು. ಹೆಣ್ಣುಮಕ್ಕಳಿಗೆ ನೂರಾ ಐವತ್ತೇಳು ಸೆಂಟಿಮೀಟರ್ ಬೇಕು. ನಾನು ಅದಕ್ಕೆ ಅರ್ಧ ಬೆರಳು ಕಮ್ಮಿ ಬಂದಿದ್ದೆ. ಓದಿಲ್ಲವೆಂದರೆ ಓದಬಹುದು, ಓಡಲಾಗದಿದ್ದರೆ ಓಡಿ ಓಡಿ ಕಲಿಯಬಹುದು. ಎಲುಬನ್ನು ಏನು ಮಾಡುವುದು? ಬೆಂಗಳೂರು ನಗರ ಪೊಲೀಸಿಗೆ ಕರೆದಾಗ ಮತ್ತೆ ಅರ್ಜಿ ಹಾಕಿದೆ. ಅದೇ ಕೊನೆಯದು. ಮುಂದಿನ ಸಲ ಕರೆಯುವ ಹೊತ್ತಿಗೆ ನನ್ನ ವಯಸ್ಸು ದಾಟಿರುತ್ತಿತ್ತು.

ಪೀಜಿಯಲ್ಲಿ ನನ್ನ ಪಕ್ಕದ ಮಂಚ ಅಫಜಲಪುರದ ರೇಣುಕಾಳದು. ಅವಳೂ ಅದೇ ಪರೀಕ್ಷೆಗೆ ಬಂದವಳು. ನನಗಿಂತ ಗೇಣು ಎತ್ತರ, ಬಾಗಿಲಲ್ಲಿ ತಲೆ ತಗ್ಗಿಸಿ ಬರುತ್ತಿದ್ದಳು. "ನಿನಗ ಒಂದು ತುಂಡು ಕಡದು ಕೊಡ್ಲೇನ ಬೇ" ಎಂದು ನಗುತ್ತಿದ್ದಳು. ಆ ನಗು ಇಲ್ಲದಿದ್ದರೆ ನಾನು ಮೊದಲ ತಿಂಗಳೇ ಟ್ರಂಕು ಕಟ್ಟುತ್ತಿದ್ದೆ.

ಇಲ್ಲಿನ ಊಟಕ್ಕೆ ಹೊಂದಿಕೊಳ್ಳಲು ನನಗೆ ತಿಂಗಳುಗಳೇ ಬೇಕಾದವು. ಬೆಳಿಗ್ಗೆ ಚಿತ್ರಾನ್ನ, ಎಂದರೆ ಲಿಂಬೆಹುಳಿ ಹಿಂಡಿದ ಒಗ್ಗರಣೆ ಅನ್ನ. ಮಧ್ಯಾಹ್ನ ಅನ್ನ. ರಾತ್ರಿ ಮುದ್ದೆ. ಮುದ್ದೆಯನ್ನು ಅಗಿಯಬಾರದಂತೆ, ನುಂಗಬೇಕಂತೆ. ಜೋಳದ ರೊಟ್ಟಿಯನ್ನು ಅಗಿದು ಅಗಿದು ಬೆಳೆದ ದವಡೆಗೆ ಆ ಕೆಲಸವಿಲ್ಲದ ಊಟ ಊಟವೆಂದೇ ಅನ್ನಿಸುತ್ತಿರಲಿಲ್ಲ. ಒಂದು ಭಾನುವಾರ ಅವ್ವ ಕಳಿಸಿದ ಜೋಳದ ಹಿಟ್ಟು ಕಲಸಿ ರೊಟ್ಟಿ ಬಡಿಯಲು ಕೂತೆ. ಕೆಳಗಿನ ಮನೆಯವರು ಮೇಲೆ ಬಂದು, ಗೋಡೆ ಒಡೆಯುತ್ತಿದ್ದೀರಾ ಎಂದು ಕೇಳಿದರು. ಸಾವಿತ್ರಮ್ಮ ಅವರಿಗೂ ಒಂದು ರೊಟ್ಟಿ, ಶೇಂಗಾ ಹಿಂಡಿ, ಎಂದರೆ ಕಡಲೆಬೀಜದ ಚಟ್ನಿಪುಡಿ, ಕೊಟ್ಟು ಕಳಿಸಿದರು. ಮುಂದಿನ ಭಾನುವಾರ ಕೆಳಗಿನ ಮನೆಯ ಹುಡುಗಿ ತಟ್ಟೆ ಹಿಡಿದು ಬಂದಳು. ಬೆಂಗಳೂರಿನಲ್ಲಿ ನಾನು ಮೊದಲು ಗೆದ್ದದ್ದು ಅಷ್ಟು.

ನಸುಕಿನಲ್ಲಿ ಇಬ್ಬರೂ ಓಡಲು ಹೋಗುತ್ತಿದ್ದೆವು. ನಮ್ಮ ಕಡೆ ಓಡುವುದೆಂದರೆ ಎರೆಮಣ್ಣಿನ ದಾರಿ, ಬೇಸಿಗೆಯಲ್ಲಿ ಬಿರಿದ ನೆಲ, ಮಳೆಗಾಲದಲ್ಲಿ ಒಂದೊಂದು ಚಪ್ಪಲಿಗೂ ಒಂದೊಂದು ಸೇರು ಕೆಸರು. ಇಲ್ಲಿನ ಮೈದಾನದ ಕೆಂಪು ಮಣ್ಣು ಕಾಲಿಗೆ ಅಂಟುವುದೇ ಇಲ್ಲ. ಅವ್ವನ ಜೊತೆ ಅಮಾವಾಸ್ಯೆಗೆ ಜಿಡಗಾ ಮಠಕ್ಕೆ ನಡೆದು ಹೋಗುತ್ತಿದ್ದ ಕಾಲು ಇವು, ಓಟದ ಭಯ ನನಗಿರಲಿಲ್ಲ. ರೇಣುಕಾಳಿಗೆ ಇತ್ತು. ಅವಳು ಹುಮ್ಮಸ್ಸಿನಲ್ಲಿ ಮೊದಲೇ ಜೋರಾಗಿ ಓಡಿ ಕೊನೆಯಲ್ಲಿ ಉಸಿರು ಕಟ್ಟಿ ನಿಲ್ಲುತ್ತಿದ್ದಳು.

ಸಂಜೆ ದಾನಿಗೆ ಫೋನು. ಮೊದಮೊದಲು ಅವಳು "ಯವ್ವಾ, ಯಾವಾಗ ಬರ್ತಿ?" ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಕೇಳದೆ ಹೋದದ್ದೇ ಹೆಚ್ಚು ನೋವು ಕೊಟ್ಟಿತು.

ಬರವಣಿಗೆಯಲ್ಲಿ ಇಬ್ಬರೂ ಪಾಸಾದೆವು. ಮೈದಾನದ ಪರೀಕ್ಷೆಗೆ ಕರೆ ಬಂತು. ಅಳತೆಯ ವಿಷಯದಲ್ಲಿ ಉಮೇದುವಾರರ ನಡುವೆ ಒಂದು ಮಾತಿದೆ: ರಾತ್ರಿ ಮಲಗಿ ಎದ್ದಾಗ ಮನುಷ್ಯ ಚೂರು ಉದ್ದವಿರುತ್ತಾನೆ, ನಿಂತಷ್ಟೂ ನಡೆದಷ್ಟೂ ಕುಗ್ಗುತ್ತಾನೆ. ಹಿಂದಿನ ಸಲ ನಾನು ದಿನವಿಡೀ ಸಾಲಿನಲ್ಲಿ ನಿಂತಿದ್ದೆ. ಈ ಸಲ ರೇಣುಕಾ ನನಗೆ ನಿಲ್ಲಲು ಬಿಡಲಿಲ್ಲ. ಸಿಟಿ ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ನನ್ನನ್ನು ಮಲಗಿಸಿ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಹುಷಾರಿಲ್ವಾ? ಆಸ್ಪತ್ರೆಗಾ?" ಎಂದು ಕಂಡಕ್ಟರ್ ಕೇಳಿದ.

"ಇಲ್ರೀ, ಪೊಲೀಸ್ ಆಗ್ಲಾಕ ಹೊಂಟಾಳ" ಎಂದಳು ರೇಣುಕಾ.

ಅವನಿಗೆ ಏನು ಅರ್ಥವಾಯಿತೋ, ಎರಡು ಟಿಕೆಟು ಹರಿದು ಕೊಟ್ಟು, ಸೀಟಿಗೆ ಬಂದವರನ್ನೆಲ್ಲ ಮುಂದಕ್ಕೆ ಕಳಿಸಿದ. ಕಿಟಕಿಯಲ್ಲಿ ಮರದ ತುದಿಗಳು, ತಂತಿಗಳು ಹಿಂದೆ ಸರಿಯುತ್ತಿದ್ದವು. ಆ ನಗರವನ್ನು ನಾನು ಹಾಗೆ ಅಂಗಾತ ಮಲಗಿ ನೋಡಿದ್ದು ಅದೊಂದೇ ದಿನ.

ಮೊದಲು ಓಟ. ಮೈದಾನಕ್ಕೆ ಒಂದು ಸುತ್ತು, ಎರಡು ನಿಮಿಷದೊಳಗೆ. ಕಾಲಿಗೆ ಸಮಯ ಲೆಕ್ಕ ಹಾಕುವ ಪಟ್ಟಿ ಕಟ್ಟಿದರು. ರೇಣುಕಾಳ ತಂಡ ನನ್ನದಕ್ಕಿಂತ ಮುಂಚೆ ಹೋಯಿತು, ಅವಳು ಓಡಿದ್ದನ್ನು ನಾನು ನೋಡಲಿಲ್ಲ. ನಾನು ಓಡಿದೆ, ಜಿಗಿದೆ, ಗುಂಡು ಎಸೆದೆ. ಮೂರೂ ಆದವು. ಆಮೇಲೆ ಅಳತೆಯ ಸಾಲು. ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಕಂಬಕ್ಕೆ ಬೆನ್ನು ಒತ್ತಿ ನಿಂತೆ. ಅಳೆಯುತ್ತಿದ್ದ ಮಹಿಳಾ ಸಿಬ್ಬಂದಿ ನನ್ನ ಜಡೆಯನ್ನು ಪಕ್ಕಕ್ಕೆ ಸರಿಸಿ, ಹಿಮ್ಮಡಿ ನೆಲಕ್ಕೆ ತಾಗಿದೆಯೇ ನೋಡಿ, ಮೇಲಿನ ಪಟ್ಟಿಯನ್ನು ನೆತ್ತಿಗೆ ಒತ್ತಿದರು.

"ಕಮ್ಮಿ ಇದೆಯಮ್ಮ" ಎಂದರು.

ನನಗೆ ದಾನಿಯ ಮುಖ ನೆನಪಾಗಲಿಲ್ಲ, ಅವ್ವನದೂ ಅಲ್ಲ. ಭಾವನ ಮನೆಯ ಪಡಸಾಲೆ ನೆನಪಾಯಿತು, ಅಲ್ಲಿ ಯಾರದೋ ಲಂಗ ತೊಟ್ಟು ಕೂತ ಒಂದು ಮಗು. ಮೇಲಿನ ಅಧಿಕಾರಿಯ ಮುಂದೆ ಇನ್ನೊಮ್ಮೆ ಅಳೆಸಲು ಕೇಳಿಕೊಳ್ಳಬಹುದೆಂದು ಓದಿದ್ದೆ. ಕೇಳಿಕೊಂಡೆ. ಧ್ವನಿ ಹೊರಗೆ ಬಂತೋ ಇಲ್ಲವೋ ಎಂದು ಎರಡು ಸಲ ಕೇಳಿಕೊಂಡೆ.

"ಸಾಹೇಬ್ರು ಬರಬೇಕು, ಅಲ್ಲಿ ಕೂತಿರು" ಎಂದರು.

ನಾನು ಕೂರಲಿಲ್ಲ. ಡೇರೆಯ ಪಕ್ಕದ ನೆರಳಿನಲ್ಲಿ, ಎಲ್ಲರೂ ನೋಡುತ್ತಿದ್ದಂತೆ, ಆ ಕೆಂಪು ಮಣ್ಣಿನ ಮೇಲೆ ಉದ್ದಕ್ಕೆ ಮಲಗಿಬಿಟ್ಟೆ. ಕೆಲವರು ನಕ್ಕರು. ನಾಚಿಕೆ ಎನ್ನುವುದು ಅವತ್ತು ನನ್ನ ಹತ್ತಿರ ಉಳಿದಿರಲಿಲ್ಲ. ಕಣ್ಣು ಮುಚ್ಚಿ ಬೆನ್ನೆಲುಬಿಗೆ ಬೇಡಿಕೊಳ್ಳುತ್ತಿದ್ದೆ. ದೇವರ ಹೆಸರೂ ಬಾಯಿಗೆ ಬರಲಿಲ್ಲ.

ಬೂಟಿನ ಸದ್ದಿಗೆ ಕಣ್ಣು ತೆರೆದೆ. ವಯಸ್ಸಾದ ಅಧಿಕಾರಿ.

"ಈ ಹೆಣ್ಣುಮಗಳು ಯಾಕೆ ಮಲಗಿದ್ದಾಳೆ?"

ಎದ್ದು ನಿಂತು, "ಎತ್ತರ ಉಳೀಲಿ ಅಂತ ರೀ ಸರ್" ಎಂದೆ. ನನ್ನ ಸುತ್ತ ಮತ್ತೆ ನಗು ಎದ್ದಿತು. ಅವರು ನಗಲಿಲ್ಲ.

"ಯಾವ ಊರು?"

"ಆಳಂದ ತಾಲ್ಲೂಕ್ರಿ. ನರೋಣಾ."

"ಬಾ, ನಿಂತ್ಕೋ. ಉಸಿರು ಬಿಗಿ ಹಿಡೀಬೇಡ."

ಅವರು ತಾವೇ ಬಾಗಿ ಹಿಮ್ಮಡಿ ನೋಡಿದರು, ತಾವೇ ಪಟ್ಟಿ ಇಳಿಸಿದರು. ಒಮ್ಮೆ ಓದಿ, ಪಟ್ಟಿ ಎತ್ತಿ, ಮತ್ತೆ ಇಳಿಸಿ ಓದಿದರು. "ಸರಿಯಾಗಿದೆ. ಗೆರೆ ಮೇಲೇ ಇದಾಳೆ. ಬರ್ಕೊಳ್ಳಿ" ಎಂದು ಮುಂದಿನವಳ ಕಡೆ ತಿರುಗಿದರು.

ಗೇಟಿನ ಹೊರಗೆ ರೇಣುಕಾ ನನ್ನ ಚೀಲ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು.

"ಎತ್ತರ ಏನಾತು?"

"ಆತು."

ಅವಳು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. ನಾನು ಅವಳದ್ದು ಕೇಳಿದೆ. "ನಂದು ಓಟದಾಗ ಹೋತು ಬೇ. ಕಡೀ ತಿರುವಿನ್ಯಾಗ ಕಾಲು ಏಳಲೇ ಇಲ್ಲ" ಎಂದಳು. ಹೇಳುವಾಗಲೂ ಅವಳ ಕೈ ನನ್ನ ಬೆನ್ನು ಸವರುತ್ತಿತ್ತು. ವಾರದೊಳಗೆ ಅವಳು ಅಫಜಲಪುರಕ್ಕೆ ಮರಳಿದಳು. ಅವಳ ವಯಸ್ಸೂ ದಾಟಿತ್ತು. ಈಗ ಅಲ್ಲೊಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಫೋನು ಮಾಡಿದರೆ ಮಾತಾಡುತ್ತಾಳೆ, ತಾನಾಗಿ ಮಾಡುವುದಿಲ್ಲ.

ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ಮೇಲೂ ನೌಕರಿ ಕೈಗೆ ಬರುವುದಿಲ್ಲ. ನಡತೆಯ ಬಗ್ಗೆ ಊರಿನಲ್ಲಿ ವಿಚಾರಣೆಯಾಗಬೇಕು. ನಾನು ಹೆಚ್ಚು ಕಾಲ ಇದ್ದದ್ದು ಅತ್ತೆಮನೆಯಲ್ಲಿ, ಹಾಗಾಗಿ ಪೊಲೀಸರು ಅಲ್ಲಿಗೇ ಬಂದರು. ನಾನೂ ಹೋಗಿದ್ದೆ. ವರ್ಷಗಟ್ಟಲೆ ನಾನೇ ಸಾರಿಸಿದ ಅಂಗಳದಲ್ಲಿ ಬಾಗಿಲ ಪಕ್ಕ ನಿಂತೆ, ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಬಂದ ಪೊಲೀಸಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಕೇಳಿದರು. ಭಾವನೇ ಮೊದಲು ಮಾತಾಡಿದ.

"ಮನಿ ಬಿಟ್ಟು ಹೋದಾಕಿ ರೀ. ಬೆಂಗಳೂರಾಗ ಒಬ್ಬಾಕಿನೇ ಇರ್ತಾಳ. ಹ್ಯಾಂಗ ಇರ್ತಾಳೋ ನಮಗೇನ ಗೊತ್ತು. ನೀವ ತಿಳಕೋರಿ."

ಪೊಲೀಸಪ್ಪ ಚಹಾದ ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದರು. ಆಗ ಒಳಗಿನಿಂದ ಮಾವ ಕೋಲೂರಿಕೊಂಡು ಬಂದರು.

"ಸಾಹೇಬ್ರ, ಆಕಿ ಬಿಟ್ಟು ಹೋಗಿಲ್ಲ. ನಾವ ಕಳಿಸೀವಿ. ನಾನ ಕಳಿಸೀನಿ."

"ಅಪ್ಪಾ" ಎಂದ ಭಾವ.

"ನೀ ಸುಮ್ನಿರಲೇ. ನನ್ನ ಮಗ ಸತ್ತ ಮ್ಯಾಲೂ ಎರಡು ವರ್ಸ ನನಗ ರೊಟ್ಟಿ ಬಡದು ಹಾಕ್ಯಾಳ. ಆಕಿ ಮ್ಯಾಲ ಈ ಊರಾಗ ಒಂದು ಮಾತು ಇಲ್ಲ. ಹಂಗ ಬರಕೋರಿ."

ಹಾಗೇ ಬರೆದುಕೊಂಡು ಅವರು ಹೋದರು. ಮಾವ ನನ್ನನ್ನು ಕಳಿಸಿರಲಿಲ್ಲ. ಕಳಿಸುವುದಿರಲಿ, ಹಿರಿಯರು ಕೂಡಿದ ದಿನ ನನ್ನ ಪರವಾಗಿ ಒಂದು ಮಾತೂ ಆಡಿರಲಿಲ್ಲ. ನಾನು ಕಾಲು ಮುಟ್ಟಲು ಬಾಗಿದೆ. "ಕೂಸಿನ್ನ ಒಯ್ಯಿ. ಸಾಲಿ ಸೂಟಿ ಬಿಟ್ಟಾಗ ಕಳಸವ್ವ, ನೋಡಬೇಕು ಅನಸ್ತದ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ತರಬೇತಿ ಮುಗಿದು, ಬೆಂಗಳೂರಿನ ಒಂದು ಠಾಣೆಗೆ ಹಾಕಿದ ಮೇಲೆ ದಾನಿಯನ್ನು ಕರೆತಂದೆ. ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲವೇನೋ.

ಸಾವಿತ್ರಮ್ಮನ ಮನೆಯ ಹತ್ತಿರವೇ ಒಂದು ಕೋಣೆ ಹಿಡಿದೆ. ನಾನು ಡ್ಯೂಟಿಗೆ ಹೋದಾಗ ಅವರೇ ನೋಡಿಕೊಳ್ಳುತ್ತಿದ್ದರು. ಆದರೆ ನಗರದ ಪೊಲೀಸರಿಗೆ ಡ್ಯೂಟಿ ಮುಗಿಯುವ ಹೊತ್ತೆಂಬುದು ಹೇಳಿಕೆಯ ಮಾತು. ಮೆರವಣಿಗೆ ಇದ್ದರೆ ಬಂದೋಬಸ್ತು, ಹಬ್ಬ ಇದ್ದರೆ ಬಂದೋಬಸ್ತು. ಯಾರದೋ ಕಳೆದುಹೋದ ಮಗುವನ್ನು ಎತ್ತಿಕೊಂಡು ಅದರ ತಾಯಿ ಬರುವ ತನಕ ಸಮಾಧಾನ ಮಾಡುತ್ತ ಕೂತಿರುತ್ತಿದ್ದೆ, ನನ್ನ ಮಗು ಬೇರೆಯವರ ಮನೆಯಲ್ಲಿ ಉಂಡು ಮಲಗಿರುತ್ತಿತ್ತು. ಶಾಲೆಯಲ್ಲಿ ಅವಳು "ನೀರ ಕುಡ್ಯಾಕ ಹೋಗ್ಲೇನ್ರಿ" ಎಂದರೆ ಮಕ್ಕಳು ನಗುತ್ತಿದ್ದರಂತೆ. ನೀರು ಕೇಳುವುದನ್ನೇ ಬಿಟ್ಟಳು. ಆಮೇಲೆ ಮಾತನ್ನೂ ಬಿಟ್ಟಳು. ಜ್ವರ ಬಂದು ಮಲಗಿದಾಗ ಕನವರಿಸಿದ್ದು ನನ್ನ ಹೆಸರಲ್ಲ, "ಆಯಿ, ಆಯಿ" ಎಂದು ನಮ್ಮವ್ವನನ್ನು.

ಯಾವ ಮಗುವಿಗಾಗಿ ಮಣ್ಣಿನ ಮೇಲೆ ಮಲಗಿದೆನೋ ಆ ಮಗುವನ್ನು ನಾನೇ ಕೈಹಿಡಿದು ನರೋಣಾಕ್ಕೆ ಬಿಟ್ಟುಬಂದೆ. ಬೇರೆ ದಾರಿ ಇದ್ದರೆ ತಿಳಿದವರು ಹೇಳಲಿ. ನನಗೆ ಇವತ್ತಿಗೂ ಹೊಳೆದಿಲ್ಲ.

ಈಗ ರಜೆ ಸಿಕ್ಕಾಗ ಹೋಗುತ್ತೇನೆ. ರಸ್ತೆಯಲ್ಲಿ ದಾರಿ ಕೇಳುವವರಿಗೆ "ಸ್ಟ್ರೈಟ್ ಹೋಗಿ ಲೆಫ್ಟ್ ತಗೊಳ್ಳಿ" ಎಂದು ಹೇಳಿ ಹೇಳಿ ನನ್ನ ನಾಲಿಗೆ ತಿರುಗಿದೆ. ಅವ್ವನ ಮುಂದೆ ಬಾಯಿ ತಪ್ಪಿ "ಊಟ ಆಯ್ತಾ" ಎಂದರೆ, "ಯಾರ ಕೂಡ ಮಾತಾಡಾಕತ್ತಿ ನೀ?" ಎನ್ನುತ್ತಾಳೆ. ನಮ್ಮೂರಿನ ಬಿಸಿಲು ನನಗೀಗ ತಡೆಯಲಾಗುವುದಿಲ್ಲ. ಬೆಂಗಳೂರಿನ ಚಳಿಗೆ ಇನ್ನೂ ಮೈ ಒಗ್ಗಿಲ್ಲ.

ಹೋದ ಸಲ ಊರಿಗೆ ಹೋದಾಗ ದಾನಿ ನನ್ನ ಕೈ ಹಿಡಿದು ಓಣಿಯ ತುಂಬ ಸುತ್ತಾಡಿಸಿದಳು, ಹೊಸಬರಿಗೆ ತೋರಿಸುವಂತೆ ಶಾಲೆ, ಅಂಗಡಿ, ಬಾವಿ ಎಲ್ಲ ತೋರಿಸಿದಳು. ಮನೆಗೆ ಬಂದು ನನ್ನ ಪಕ್ಕ ಕೂತು ಬಹಳ ಮರ್ಯಾದೆಯಿಂದ ಕೇಳಿದಳು:

"ಯವ್ವಾ, ನೀ ನಿಮ್ಮೂರಿಗಿ ಯಾವಾಗ ಹೋಗ್ತಿ?"

ಬೇಸರದಿಂದ ಕೇಳಿದ್ದಲ್ಲ ಅದು. ಬಂದವರನ್ನು ಎಲ್ಲರೂ ಕೇಳುವ ಮಾತು. ನನ್ನ ಊರು ಯಾವುದೆಂದು ಅವಳಿಗೆ ಹೇಳಬೇಕೆಂದುಕೊಂಡೆ, ಬಾಯಿಗೆ ಹೆಸರು ಬರಲಿಲ್ಲ.

"ನಾಳಿಗಿ" ಎಂದೆ.