ನಾನೇ ಅಳಿಸಿದ ಚಿಟ್ಟೆ

ಶಕುನ, ಗಾಳಿ, ಸತ್ತವರು ಬಂದು ಹೇಳಿದರು ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕೊಳ್ಳೇಗಾಲದವಳು ಎಂದ ಕೂಡಲೇ ಹೊರಗಿನವರು ಮಾಟಮಂತ್ರದ ಸುದ್ದಿ ತೆಗೆದು ಹಲ್ಲು ಕಿರಿಯುತ್ತಾರೆ. ಅಂಥವರ ಜೊತೆ ಬಸ್ಸಿನಲ್ಲೇ ಜಗಳ ಆಡಿದವಳು ನಾನು. ನನ್ನ ಕಸುಬು ಕಂಪ್ಯೂಟರ್ ರಿಪೇರಿ. ಕೊಳ್ಳೇಗಾಲ, ಹನೂರು, ಯಳಂದೂರಿನ ಆಫೀಸುಗಳಿಗೆ ಸ್ಕೂಟರಿನಲ್ಲಿ ಓಡಾಡುತ್ತೇನೆ. ಕೆಟ್ಟಿದ್ದಕ್ಕೆಲ್ಲ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕುವುದಕ್ಕೆ ಜನಕ್ಕೆ ತಾಳ್ಮೆ ಇಲ್ಲ ಅಷ್ಟೇ ಎಂದು ನಂಬಿದ್ದೆ. ಈಗಲೂ ನಂಬುತ್ತೇನೆ. ಮೂರು ವರ್ಷದ ಹಿಂದಿನ ಒಂದು ಸಂಗತಿ ಮಾತ್ರ ಅಡ್ಡ ಬರುತ್ತದೆ.

ನಮ್ಮೂರಿನ ಒಂದು ರೇಷ್ಮೆ ಸೀರೆ ಕಾರ್ಖಾನೆಯಿಂದ ಕರೆ ಬಂತು. ಅಲ್ಲಿ ಸೀರೆಯ ಅಂಚು, ಸೆರಗುಗಳ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಆ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ದು ಮಗ್ಗಕ್ಕೆ ಕೊಟ್ಟರೆ ಮಗ್ಗ ಹಾಗೆಯೇ ನೇಯುತ್ತದೆ. ಡಿಸೈನ್ ಸಾಫ್ಟ್‌ವೇರ್ ತೀರಾ ನಿಧಾನವಾಗಿದೆ ಎಂಬುದು ದೂರು. ಬಾಗಿಲಲ್ಲೇ ಯಜಮಾನ ನನ್ನನ್ನು ಪಕ್ಕಕ್ಕೆ ಕರೆದ. "ಮಿಷನ್ ಚೆನ್ನಾಗೇ ಅದೆ ಕಣಮ್ಮ, ಕೂತಿರೋ ಆಳು ನಿಧಾನ. ಮಿಷನ್ದು ತಪ್ಪಿಲ್ಲ ಅಂತ ನೀನೊಂದು ಮಾತು ಹೇಳ್ಬುಡು, ಅವನ್ನ ಮನೆಗೆ ಕಳುಸ್ತೀನಿ" ಅಂದ. ನನಗೆ ಅಲ್ಲಿಗೇ ರೇಗಿತು. ಒಬ್ಬರ ಅನ್ನ ಕೀಳಲು ನನ್ನ ಬಾಯಿ ಬೇಕಿತ್ತು ಇವನಿಗೆ.

ಕೂತಿದ್ದವರು ನಂಜುಂಡಣ್ಣ. ಯಳಂದೂರಿನವರು, ಐವತ್ತು ದಾಟಿದವರು. ಮೊದಲು ಕೈಮಗ್ಗ ನೇಯುತ್ತಿದ್ದು ಆಮೇಲೆ ಕಂಪ್ಯೂಟರ್ ಕಲಿತವರು. ಇವರನ್ನು ಉಳಿಸಿಯೇ ತೀರುತ್ತೇನೆ ಎಂದು ಹಟ ಹಿಡಿದು ಕೂತೆ. ಮೆಮೊರಿ ನೋಡಿದೆ, ವೈರಸ್ ನೋಡಿದೆ, ಫ್ಯಾನ್ ಬಿಚ್ಚಿ ದೂಳು ತೆಗೆದೆ. ಮಧ್ಯಾಹ್ನದ ಊಟ ಬಿಟ್ಟೆ. ಒಂದು ಗೆರೆ ಎಳೆದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಒಂದು ಲೋಟ ಟೀ ಕುಡಿದು ಮುಗಿಸಬಹುದಿತ್ತು.

ಕಾರಣ ಸಿಕ್ಕಿದ್ದು ಮೂರು ಗಂಟೆಗೆ. ನಂಜುಂಡಣ್ಣ ಹೊಸ ಫೈಲ್ ಅಂತ ಒಂದನ್ನೂ ತೆರೆದಿರಲಿಲ್ಲ. ಹಳೆಯದರ ಮೇಲೇ ಹೊಸ ಪದರ ಹಾಕಿ, ಕೆಳಗಿನದನ್ನು ಮರೆಮಾಡಿ, ಆ ಮೇಲೆ ಇನ್ನೊಂದು. ವರ್ಷಗಳ ಸೀರೆಗಳೆಲ್ಲ ಒಂದೇ ಫೈಲಿನ ಹೊಟ್ಟೆಯಲ್ಲಿ ಕೂತಿದ್ದವು. "ಯಾಕಣ್ಣ ಹಿಂಗೆ ಮಾಡಿದ್ರಿ?" ಎಂದು ಕೂಗಿಯೇ ಬಿಟ್ಟೆ.

"ಮಗ್ಗ ಬರಿದು ಮಾಡಬಾರ್ದು ಕಣವ್ವ" ಅಂದರು. "ಹಾಸು ಮುಗುದ್ರೂ ಕೊನೆ ಎಳೆ ಬುಡ್ತೀವಿ. ಅದುಕ್ಕೇ ಹೊಸ ಎಳೆ ಒಂದೊಂದಾಗಿ ಕೂಡುಸ್ತೀವಿ. ಬರಿದಾದ್ರೆ ಮತ್ತೆ ಸುರು ಮಾಡದು ಕಷ್ಟ."

ಮಗ್ಗದ ಪದ್ಧತಿಯನ್ನು ಈ ಮನುಷ್ಯ ಕಂಪ್ಯೂಟರಿಗೂ ತಂದಿದ್ದರು. ನಗು ಬರಬೇಕಿತ್ತು, ಬಂದದ್ದು ಸಿಟ್ಟು. ಈಗ ನೇಯುವ ಸೀರೆಯದೊಂದನ್ನು ಬಿಟ್ಟು, ಹಳೆಯ ಪದರಗಳನ್ನೆಲ್ಲ ನಾನು ಅಳಿಸತೊಡಗಿದೆ. ಕೊನೆಯದಕ್ಕೆ ಬಂದಾಗ ಅವರು, "ತಳದಲ್ಲಿರೋದ ಒಂದು ಬುಡವ್ವ" ಅಂದರು. ಅದರಲ್ಲಿದ್ದದ್ದು ರೇಷ್ಮೆ ಚಿಟ್ಟೆ, ಅದೂ ಅರ್ಧ, ಒಂದೇ ರೆಕ್ಕೆ. ಯಾಕೆ ಬಿಡಬೇಕು ಎಂದು ನಾನು ಕೇಳಲಿಲ್ಲ. ಅದನ್ನೂ ಅಳಿಸಿ ಫೈಲ್ ಸೇವ್ ಮಾಡಿದೆ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಯಾವ ಕೆಲಸಕ್ಕೂ ಮೊದಲು ಒಂದು ಪ್ರತಿ ಎತ್ತಿಡುವವಳು ಆವತ್ತು ಎತ್ತಿಡಲಿಲ್ಲ. ಸಿಟ್ಟಿನಲ್ಲಿ ಕೆಲಸ ಮಾಡಿದರೆ ಹೀಗೇ ಆಗುವುದು.

ಆಮೇಲೆ ಅವರು ಮೆಲ್ಲಗೆ ಹೇಳಿದರು. ಅದು ಅವರ ಹೆಂಡತಿ ಮಾದೇವಿ ಕಾಗದದ ಮೇಲೆ ಬರೆದದ್ದು, ಇವರು ಕಂಪ್ಯೂಟರಿಗೆ ಇಳಿಸಿದ್ದು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದ ಹೆಂಗಸು. ಅರ್ಧ ಬರೆದರೆ ಸಾಕು, ಇನ್ನರ್ಧವನ್ನು ಕಂಪ್ಯೂಟರ್ ಕನ್ನಡಿಯ ಹಾಗೆ ತಿರುಗಿಸಿ ತಾನೇ ಹಾಕುತ್ತದೆ ಎಂದು ಇವರು ಹೇಳಿದರೆ ಆಕೆ ಒಪ್ಪಿರಲಿಲ್ಲವಂತೆ. "ಎಲ್ಡು ರೆಕ್ಕೆನೂ ಒಂದೇ ತರ ಇದ್ರೆ ಅದು ಜೀವ ಅಲ್ಲ, ಇನ್ನೊಂದ ನಾನೇ ಬರಿತೀನಿ ಅಂದಿದ್ಲು ಕಣವ್ವ. ಬರಿಯಕ್ಕೆ ಆಗ್ನಿಲ್ಲ, ಅಷ್ಟ್ರಲ್ಲೇ ತೀರ್ಕಂಡ್ಲು." ಕಾಗದದ ಮೇಲಿದ್ದ ಮೂಲ ಚಿತ್ರ ಗೆದ್ದಲು ತಿಂದು ಹೋಗಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಮತ್ತೆ ಅವರ ಮೇಲೇ ರೇಗಿದೆ. ನೆನೆದರೆ ಈಗ ನಾಚಿಕೆಯಾಗುತ್ತದೆ. ಡಿಸ್ಕನ್ನು ಮನೆಗೆ ಒಯ್ದು ಎರಡು ದಿನ ತಡಕಾಡಿದೆ. ಆ ಚಿಟ್ಟೆ ಸಿಗಲಿಲ್ಲ.

ಡಿಸ್ಕ್ ವಾಪಸು ಹಾಕಿದ ಮೇಲೆ ಕಂಪ್ಯೂಟರ್ ಮಾತ್ರ ಕುದುರೆಯ ಹಾಗೆ ಓಡಿತು. ಸ್ವಚ್ಛ ಮಾಡಿದ ಫೈಲನ್ನು, ಪೆನ್‌ಡ್ರೈವ್ ಪೂರ್ತಿ ಅಳಿಸಿ, ನಾನೇ ತುಂಬಿ, ನಾನೇ ಮಗ್ಗಕ್ಕೆ ಹಾಕಿ ಬಂದೆ. ಆ ವಾರವೇ ಯಜಮಾನ ನಂಜುಂಡಣ್ಣನನ್ನು ಬಿಡಿಸಿದ. ಇಷ್ಟು ಬೇಗ ಓಡುವ ಮಿಷನ್ನಿನಲ್ಲಿ ಯಾರು ಬೇಕಾದರೂ ಬರೆಯುತ್ತಾರಂತೆ. ನಾನು ಉಳಿಸಲು ಹೋದ ಕೆಲಸ ನನ್ನ ಕೈಯಿಂದಲೇ ಹೋಯಿತು.

ಹತ್ತು ದಿನ ಬಿಟ್ಟು ಯಜಮಾನ ಫೋನಿನಲ್ಲಿ ಕಿರುಚಿದ. ಓಡಿದೆ. ಹಾಡುಹಗಲು, ಕಿಟಕಿಯ ಬೆಳಕಿನಲ್ಲಿ, ನಾನು ಹಾಕಿಬಂದ ಫೈಲಿನಿಂದ ನೇಯ್ದ ಸೀರೆ ಹರಡಿದ್ದರು. ಸೆರಗಿನ ಮೂಲೆಯಲ್ಲಿ ಒಂದು ರೇಷ್ಮೆ ಚಿಟ್ಟೆ. ನಾನು ಅಳಿಸಿದ್ದೇ, ಅದೇ ರೆಕ್ಕೆ, ಅದೇ ವಂಕಿಯ ಹಾಗೆ ಬಾಗಿದ ಗೆರೆ. ಆದರೆ ರೆಕ್ಕೆ ಎರಡಿದ್ದವು. ಎರಡನೆಯದು ಕನ್ನಡಿ ಪ್ರತಿಯಲ್ಲ. ಸ್ವಲ್ಪ ಇಳಿಬಿದ್ದಿತ್ತು, ತುದಿಯಲ್ಲಿ ಒಂದು ಮಡಿಕೆ ಬೇರೆ ಇತ್ತು.

"ಓಗೋವಾಗ ಅವನೇ ಹೊಟ್ಟೆಕಿಚ್ಚಿಗೆ ಮಾಡವ್ನೆ. ಅಷ್ಟು ಬರ್ದುಕೊಡು" ಅಂದ ಯಜಮಾನ. ಫೈಲ್ ನೋಡಿದೆ, ಪೆನ್‌ಡ್ರೈವ್ ನೋಡಿದೆ, ಫೈಲ್ ಓದುವ ಮಗ್ಗದ ಪೆಟ್ಟಿಗೆ ಬಿಚ್ಚಿ ನೋಡಿದೆ. ಎಲ್ಲೂ ಚಿಟ್ಟೆ ಇಲ್ಲ. ಅದೇ ಫೈಲಿನಲ್ಲಿ ನೇಯ್ದ ಮುಂದಿನ ಸೀರೆಯಲ್ಲೂ ಇಲ್ಲ. ಮಗ್ಗದ ಮೇಲೆ ಸೀರೆಯ ಬೆನ್ನು ಮೇಲಿರುವುದರಿಂದ ನೇಯ್ದವನಿಗೂ ಕಂಡಿರಲಿಲ್ಲ. "ನಂಜುಂಡಣ್ಣ ಮಾಡಿಲ್ಲ, ನೀವು ಕತ್ತು ಹಿಸುಕಿದರೂ ಬರೆದುಕೊಡಲ್ಲ" ಎಂದೆ. ಕೆಟ್ಟ ಸೆರಗೆಂದು ಅವನು ಕತ್ತರಿಸಿ ಎಸೆದ ತುಂಡನ್ನು ಎತ್ತಿಕೊಂಡು ಯಳಂದೂರಿಗೆ ಹೋದೆ. ಆ ಕಾರ್ಖಾನೆಗೆ ಮತ್ತೆ ಕಾಲಿಟ್ಟಿಲ್ಲ.

ನಂಜುಂಡಣ್ಣ ತುಂಡನ್ನು ತೊಡೆಯ ಮೇಲೆ ಹಾಸಿಕೊಂಡು, ಎರಡನೆಯ ರೆಕ್ಕೆಯ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಅಷ್ಟು ವಯಸ್ಸಾದವರು, ಕೈ ಮುಗಿದರು.

"ಅಳುಸ್ಬುಟ್ಟೆ ಅಂತ ಮನ್ಸಿಗೆ ಹಚ್ಕಂಡು ನೀನೇ ಬರ್ದು ಹಾಕ್ಸಿದ್ದೀಯ ಕಣವ್ವ. ಅವ್ಳು ಹೇಳ್ದಂಗೇ ಬರ್ದಿದ್ದೀಯ."

ನನಗೆ ಒಂದು ನೆಟ್ಟನೆಯ ಗೆರೆ ಎಳೆಯಲೂ ಬಾರದು. ಅಲ್ಲ ಅನ್ನಲು ಬಾಯಿ ತೆರೆದೆ. ಅಲ್ಲ ಅಂದರೆ ಮತ್ತೆ ಯಾರು ಎಂದು ಕೇಳುತ್ತಾರೆ, ಏನು ಹೇಳಲಿ? ಆ ನಮಸ್ಕಾರವನ್ನು ತೆಗೆದುಕೊಂಡೆ. ಅವರು ಕೊಟ್ಟ ಕಾಫಿಯನ್ನೂ ಕುಡಿದೆ. ಮಾಡದ ಕೆಲಸಕ್ಕೆ ಆವತ್ತು ಕೈ ಮುಗಿಸಿಕೊಂಡು ಬಂದವಳು, ಅದನ್ನು ಮಾಡಿದವರು ಯಾರೆಂದು ಇವತ್ತಿಗೂ ಹುಡುಕುತ್ತಿದ್ದೇನೆ.