ಬಿರಡೆ ಅಕ್ಕ ಅಂಟಿಸದ ಚೀಟಿ

ಅಂಗಳದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ಬಿರಡೆ ಅಕ್ಕ. ಹಾಸಿಗೆ, ಒಲೆ, ಕಕ್ಕಸು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಬೇಸಿಗೆಯೆಲ್ಲ ಊರೂರು ತಿರುಗುವ ಕ್ಯಾರವಾನ್‌ಗಳು ಚಳಿ ಬಿತ್ತೆಂದರೆ ಊರಾಚೆಯ ಆ ಅಂಗಳಕ್ಕೆ ಬಂದು ಸಾಲಾಗಿ ನಿಲ್ಲುತ್ತವೆ. ಅವುಗಳ ಕೊಳವೆಯ ನೀರು ಬಸಿಯುವುದು, ಬ್ಯಾಟರಿ ಕಳಚುವುದು, ಇಲಿ ನುಗ್ಗದಂತೆ ಕಂಡ ತೂತಿಗೆಲ್ಲ ಬಟ್ಟೆ ತುರುಕುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಅವಳು ಮುಚ್ಚಿದ ಗಾಡಿಯೊಳಗೆ ಒಂದು ಇಲಿಯೂ ಸಂಸಾರ ಹೂಡಿದ್ದಿಲ್ಲ. ಈ ಮಾತನ್ನು ಯಾರೂ ಕೇಳದಿದ್ದರೂ ಹೇಳುತ್ತಿದ್ದಳು.

ಮುಚ್ಚಿದ ತೂತುಗಳ ಪಟ್ಟಿ ಬರೆದ ಚೀಟಿಯನ್ನು ಸ್ಟೀರಿಂಗಿಗೆ ಅಂಟಿಸಬೇಕು ಎಂಬುದು ಅಲ್ಲಿಯ ಕಟ್ಟಳೆ. ಚೀಟಿ ಇದ್ದರೆ ಬಟ್ಟೆಗಳನ್ನೆಲ್ಲ ತೆಗೆಯುವ ತನಕ ಗಾಡಿ ಹೊರಡುವಂತಿಲ್ಲ, ಇಲ್ಲದಿದ್ದರೆ ಅಡ್ಡಿಯಿಲ್ಲ. ಉಳಿದ ಕೆಲಸಗಾರರು ಮೊದಲೇ ಚೀಟಿ ಅಂಟಿಸಿಕೊಂಡು, ಒಂದೊಂದು ತೂತು ಮುಚ್ಚಿದಾಗಲೂ ಬರೆಯುತ್ತಾ ಹೋಗುತ್ತಾರೆ. ಬಿರಡೆ ಅಕ್ಕ ಮಾತ್ರ ಎಲ್ಲ ಮುಗಿಸಿ, ಗಾಡಿಗೊಂದು ಸುತ್ತು ಹಾಕಿ, ಕೊನೆಗೆ ಅಂಟಿಸುವವಳು. "ಅರ್ಧಂಬರ್ಧ ಕೆಲಸಕ್ಕೆ ಚೀಟಿ ಬೇರೆ ಕೇಡು" ಎಂದು ಮೂಗು ಮುರಿಯುತ್ತಿದ್ದಳು. ಜಂಬ ಇತ್ತು, ಸುಳ್ಳೇಕೆ ಹೇಳಲಿ.

ಆ ಶನಿವಾರ ಅವಳ ಕೈಲಿದ್ದದ್ದು ಶಾಲೆ ಮೇಷ್ಟ್ರೊಬ್ಬರ ಗಾಡಿ. ಹೊರಗಿನ ಮೂರು ಕಿಂಡಿಗೆ ಬಟ್ಟೆ ತುರುಕಿ ಮುಗಿಸಿದ್ದಳಷ್ಟೇ, ಗಂಡನ ಫೋನು. ಮನೆಯ ಬೀಗದ ಕೈ ಮರೆತು ಬಾಗಿಲಲ್ಲಿ ನಡುಗುತ್ತಾ ನಿಂತಿದ್ದ ಪುಣ್ಯಾತ್ಮ ಐದು ಸಲ ಕರೆದ. ಉಳಿದದ್ದು ನಾಳೆ ನೋಡಿದರಾಯಿತೆಂದು ಅವಳು ಹೊರಟುಬಿಟ್ಟಳು.

ಭಾನುವಾರ ಇಳಿಹೊತ್ತಿನಲ್ಲಿ ಗಂಡನ ಕಾರಿನಲ್ಲಿ ಬಂದಿಳಿದರೆ ಜಾಗ ಖಾಲಿ.

"ಮೇಷ್ಟ್ರು ಬೆಳಿಗ್ಗೇನೇ ತಗೊಂಡ್ಹೋದ್ರಲ್ಲಕ್ಕ," ಎಂದ ಕಾವಲುಗಾರ. "ಬಿಸಿಲು ಚೆನ್ನಾಗಿದೆ, ಕೆರೆ ಹತ್ರ ಒಂದಿನ ಇದ್ದು ಬರ್ತೀವಿ ಅಂದ್ರು. ಚೀಟಿ ಇರ್ಲಿಲ್ಲ, ಬಿಟ್ಟೆ."

ಅವಳು ಇಳಿದ ಕಾರಿಗೇ ಮತ್ತೆ ಹತ್ತಿದಳು. ಆ ಮೂರು ಕಿಂಡಿಗಳಲ್ಲಿ ಒಂದು ಹೀಟರಿನ ಹೊಗೆಕೊಳವೆ. ಹಳೇ ಕಾಲದ ಗ್ಯಾಸ್ ಹೀಟರು, ತಾನಾಗಿ ಆರುವಷ್ಟು ಬುದ್ಧಿ ಅದಕ್ಕಿಲ್ಲ. ಹೊತ್ತು ಇಳಿದರೆ ಚಳಿ, ಚಳಿಯಾದರೆ ಹೀಟರು, ಹೀಟರು ಹಚ್ಚಿದರೆ ವಿಷವೆಲ್ಲ ಒಳಗೆ. ಆ ವಿಷಗಾಳಿಗೆ ವಾಸನೆಯೂ ಇಲ್ಲ. ಮಲಗಿದವರು ಮಲಗಿದಂತೆಯೇ ಹೋಗುತ್ತಾರೆ.

ಮೇಷ್ಟ್ರ ಫೋನು ಸ್ವಿಚ್ ಆಫ್. ಕೆರೆಗೆ ಮುಕ್ಕಾಲು ಗಂಟೆಯ ದಾರಿ.

"ಜೋರಾಗಿ ಓಡಿಸ್ರೀ!"

"ಓಡಿಸ್ತಾನೇ ಇದೀನಲ್ಲೇ. ಹಾರ್ಬೇಕಾ ಈಗ?"

"ಹಾರಿ!"

ದಾರಿಯುದ್ದಕ್ಕೂ ಅವಳ ಕಣ್ಣು ಬಿಸಿಲಿನ ಮೇಲೇ. ಅದು ನೆಲ ಬಿಟ್ಟಿತು, ಗೋಡೆ ಬಿಟ್ಟಿತು, ಮರದ ತುದಿಗೆ ಹೋಯಿತು. ಮೇಷ್ಟ್ರು, ಅವರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಸಾಲಾಗಿ ಮಲಗಿರುವುದು ಕಣ್ಣಿಗೆ ಕಟ್ಟಿದಂತಾಯಿತು.

ಕೆರೆಯ ದಂಡೆ ತಲುಪಿದಾಗ ನಾಲ್ವರೂ ನೀರಿಗೆ ಕಲ್ಲೆಸೆಯುತ್ತಾ ನಗುತ್ತಿದ್ದರು. ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವಳು ಗಾಡಿಯ ಕಡೆ ನೋಡಿದಳು. ಕಿಟಕಿಗಳೆಲ್ಲ ಮುಚ್ಚಿದ್ದವು, ಗಾಜಿನ ಮೇಲೆ ಒಳಗಿನಿಂದ ಹಬೆ ಕೂತಿತ್ತು.

"ಒಳಗ್ಯಾರಿದಾರೆ?"

"ಅಮ್ಮ ಮಲಗಿದಾರೆ," ಎಂದರು ಮೇಷ್ಟ್ರು. "ಚಳಿ ಅಂದ್ರು, ಅರ್ಧ ಗಂಟೆ ಮುಂಚೆ ಹೀಟರ್ ಹಚ್ಚಿ ಬಂದೆ. ಯಾಕೆ?"

ಅವಳು ಆಗಲೇ ಓಡುತ್ತಿದ್ದಳು. ಬಾಗಿಲು ಕಿತ್ತುಬರುವಂತೆ ಎಳೆದು, ಉಸಿರು ಬಿಗಿಹಿಡಿದು ಒಳಗೆ ನುಗ್ಗಿ, ಹಾಸಿಗೆಯ ಮೇಲಿದ್ದ ಮುದುಕಿಯನ್ನು ಕಂಕುಳಲ್ಲಿ ಕೈಹಾಕಿ ಹೊರಗೆಳೆದಳು. ಮುದುಕಿಯ ಕತ್ತು ವಾಲಿತ್ತು. ಗಂಡ ಹಿಂದಿನಿಂದ ಹೋಗಿ ಗ್ಯಾಸ್ ಆರಿಸಿ, ಹೊಗೆಕೊಳವೆಯ ಬಟ್ಟೆ ಕಿತ್ತು ಜೇಬಿಗೆ ತುರುಕಿಕೊಂಡ.

"ಅಜ್ಜೀ, ಉಸಿರಾಡಿ! ನನ್ನ ಮಾತು ಕೇಳ್ತಿದೆಯಾ? ಉಸಿರಾಡಿ!"

ಮೇಷ್ಟ್ರ ಹೆಂಡತಿ ಆಂಬುಲೆನ್ಸಿಗೆ ಫೋನು ಮಾಡುತ್ತಾ ಅಳುತ್ತಿದ್ದರು. ಮುದುಕಿ ಒಮ್ಮೆ ಕೆಮ್ಮಿದರು, ಆಮೇಲೆ ವಾಂತಿ ಮಾಡಿಕೊಂಡರು.

"ತಲೆ ಸಿಡೀತಿದೆ ಕಣೋ," ಎಂದರು ಮಗನಿಗೆ. "ಯಾರೋ ಇವಳು, ಹೀಗೆ ಕಿರುಚ್ತಾಳೆ?"

ಮೇಷ್ಟ್ರು ಬಿರಡೆ ಅಕ್ಕನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟರು. "ನೀವು ದೇವರು ಬಂದ ಹಾಗೆ ಬಂದ್ರಿ. ಹಾಳಾದ್ದು, ಆ ಹೀಟರಿಗೆ ಏನಾಗಿತ್ತೋ!"

"ಸುಮ್ನಿರು," ಎಂದು ಗಂಡ ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಯಾರಿಗೂ ಗೊತ್ತಾಗಲ್ಲ."

ಸುಮ್ಮನಿರಬೇಕೆಂದು ಅವಳಿಗೂ ಅನ್ನಿಸಿತು. ತುಂಬಾ ಅನ್ನಿಸಿತು. ಇಪ್ಪತ್ತೆರಡು ವರ್ಷ ಗಳಿಸಿದ ಹೆಸರು ಒಂದೇ ಮಾತಿಗೆ ಮಣ್ಣುಪಾಲಾಗುತ್ತಿತ್ತು.

"ಹೀಟರಿಗೆ ಏನೂ ಆಗಿರ್ಲಿಲ್ಲ ಸಾರ್. ಕೊಳವೆಗೆ ಬಟ್ಟೆ ತುರುಕಿದ್ದು ನಾನೇ. ಚೀಟಿ ಅಂಟಿಸದೆ ಮನೆಗೆ ಹೋದೆ."

ಮೇಷ್ಟ್ರು ಅವಳ ಕೈ ಬಿಟ್ಟರು. "ಇನ್ಮೇಲೆ ನಮ್ಮ ಗಾಡಿ ಮುಟ್ಬೇಡಿ," ಎಂದರು.

"ಮುಟ್ಟಲೇಬೇಕು ಸಾರ್. ಇನ್ನೂ ಎರಡು ಕಡೆ ಬಟ್ಟೆ ಇದೆ."

ಅವಳು ಗಾಡಿಯ ಪಕ್ಕ ಮಂಡಿಯೂರಿ ಫ್ರಿಜ್ಜಿನ ಕಿಂಡಿಗೆ ಬೆರಳು ಹಾಕಿದಳು. ಮೇಷ್ಟ್ರು ಅಡ್ಡ ಬರಲಿಲ್ಲ. ಅವಳ ಹಿಂದೆಯೇ ಬಂದು ಬಗ್ಗಿ ನಿಂತು, ಅವಳು ಬಟ್ಟೆ ಎಳೆದ ಕಿಂಡಿಯೊಳಗೆ ಟಾರ್ಚಿನ ಬೆಳಕು ಬಿಟ್ಟು, ತಾವೂ ಬೆರಳು ಹಾಕಿ ನೋಡಿದರು. ಅಷ್ಟು ವರ್ಷಗಳಲ್ಲಿ ಅವಳು ಮಾಡಿದ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸಿದ್ದು ಅದೇ ಮೊದಲು.